ಮುನೀರ ಬರೆದ ಗೋಡೆ

ಸಮೃದ್ಧಿ, ಓಂಕಾರ,

ಅನಗೋಳದ ನಮ್ಮ ಮನೆಗೆ ಬಂದಾಗೆಲ್ಲ ನೀವಿಬ್ಬರೂ ಮೇಲಿನ ಖೋಲಿಗೆ ಹೋಗುವ ಮೆಟ್ಟಿಲ ಮೇಲೆ ಕುಳಿತು ಆಡುತ್ತೀರಿ. ಅಲ್ಲಿ ಗೋಡೆಯ ಮೇಲೆ ಬಳಪದಿಂದ ಬರೆದ ಬರಹವೊಂದಿದೆ. ಅದಕ್ಕೆ ಕೈ ಹಚ್ಚಬೇಡಿ ಎಂದು ಎಷ್ಟೋ ಸಲ ಗದರಿಸಿದ್ದೇನೆ. ಯಾಕಜ್ಜಿ ಎಂದು ನೀವು ಕೇಳಿದಿರಿ. ನಾನು ಹೇಳಲಿಲ್ಲ. ಬಾಯಿ ಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಖಾನಾಪುರದ ಆಚೆ ನಮ್ಮ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಪಾಟಿಯ ಮೇಲೆ ಬರೆ ಎಂದರೆ ಬರೆಯುತ್ತಿದ್ದೆ. ಈಗಲೂ ಹಾಗೆಯೇ. ಅದಕ್ಕೇ ಈ ಹಾಳೆಗಳು.

ತನ್ನ ತಪ್ಪುಗಳನ್ನು ಗೋಡೆಯ ಮೇಲೆ ಬರೆದಿಟ್ಟು, ದಿನಾ ಅವುಗಳ ಬಾಜೂಕಿನಿಂದಲೇ ಹತ್ತಿ ಇಳಿಯುತ್ತಿದ್ದ ಮನುಷ್ಯನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅವನು ಮುನೀರ್. ನಮ್ಮ ಮೇಲಿನ ಖೋಲಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದ. ಅವನ ತಂದೆಯದು ಶಹಾಪುರದಲ್ಲಿ ಸೀರೆ ನೇಯುವ ಪವರ್‌ಲೂಮ್. ಮಗ್ಗ ಮನೆಯೊಳಗೇ ಇತ್ತು. ಮುನೀರ ಯಾವುದೋ ಕಂಪನಿಗೆ ಮನೆಯಲ್ಲೇ ಕುಳಿತು ಕಂಪ್ಯೂಟರಿನ ಪ್ರೋಗ್ರಾಮ್ ಬರೆಯುತ್ತಿದ್ದ. ಮಗ್ಗದ ಖಟಖಟದಲ್ಲಿ ಆ ಕಡೆಯವರಿಗೆ ಇವನ ಮಾತು ಕೇಳಿಸುತ್ತಿರಲಿಲ್ಲ. ಅವನ ಸೋದರಮಾವ ನಿಮ್ಮ ಅಜ್ಜನ ಜೊತೆ ಬಸ್ ಡಿಪೋದಲ್ಲಿ ಟೈರಿನ ಕೆಲಸ ಮಾಡಿದವರು. ಅವರ ಮಾತಿನ ಮೇಲೆ ನಿಮ್ಮ ಅಜ್ಜ ಖೋಲಿ ಕೊಟ್ಟರು. ಮೊದಲ ದಿನವೇ ಆ ಹುಡುಗ ನನ್ನನ್ನು ಮೌಶಿ ಎಂದ, ನಿಮ್ಮ ಅಜ್ಜನನ್ನು ಕಾಕಾ ಎಂದ. ನಿಮ್ಮ ಅಜ್ಜ ಅವನನ್ನು ಮುನ್ನಾ ಎಂದರು. ಕೊನೆಯವರೆಗೂ ಅದೇ ಹೆಸರು.

ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಬಾಗಿ ನಡೆಯುತ್ತಿದ್ದ. ಕೊರಳಲ್ಲಿ ಸದಾ ಹಾಡು ಕೇಳುವ ವೈರು ಜೋತಾಡುತ್ತಿತ್ತು, ಕಿವಿಗೆ ಹಾಕಿಕೊಂಡದ್ದನ್ನು ಮಾತ್ರ ನಾನು ನೋಡಿದ್ದು ಕಡಿಮೆ. ಚಹವನ್ನು ಬಸಿಗೆ ಸುರಿದು, ಅದು ಆರಿ ತಣ್ಣಗಾದ ಮೇಲೆ ನೆನಪಾಗಿ ಒಂದೇ ಗುಟುಕಿಗೆ ಕುಡಿಯುತ್ತಿದ್ದ. ಕೆಲಸ ಕೈಕೊಟ್ಟರೆ ಕಂಪ್ಯೂಟರನ್ನು ಬೈಯುತ್ತಿರಲಿಲ್ಲ. ತಮ್ಮ ಮನೆಯ ಮಾತಿನಲ್ಲಿ "ಕ್ಯಾ ಹುವಾ ರೇ ತೇರೆಕು?" ಎಂದು, ಏನಾಯಿತೋ ನಿನಗೆ ಎಂದು ಜ್ವರ ಬಂದ ಕೂಸನ್ನು ಕೇಳುವ ಹಾಗೆ ಕೇಳುತ್ತಿದ್ದ. ಕೆಳಗೆ ಅಕ್ಕಿ ಆರಿಸುತ್ತ ಕುಳಿತ ನನಗೆ ಅದು ಕೇಳಿ ನಗು ಬರುತ್ತಿತ್ತು.

ಕಂಪನಿಯ ಕೆಲಸವನ್ನು ಅವನು ಹೊಟ್ಟೆಯ ಕೆಲಸ ಎನ್ನುತ್ತಿದ್ದ. ಅದು ಮುಗಿದ ಮೇಲೆ ತನ್ನದೇ ಏನಾದರೊಂದು ಮಾಡುತ್ತಿದ್ದ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಅಂಥ ಒಂದೊಂದು ಕೆಲಸ ಕೆಟ್ಟಾಗಲೂ, ಅದರಿಂದ ತಾನು ಕಲಿತದ್ದನ್ನು ಮೆಟ್ಟಿಲ ಗೋಡೆಯ ಮೇಲೆ ಒಂದು ಸಾಲಿನಲ್ಲಿ ಬರೆಯುತ್ತಿದ್ದ. ಅವನು ಕಲಿತದ್ದು ಉರ್ದು ಸಾಲೆಯಲ್ಲಿ. ಕನ್ನಡದಲ್ಲಿ ಯಾಕೆ ಬರೆಯುತ್ತೀಯಪ್ಪ ಎಂದು ಒಮ್ಮೆ ಕೇಳಿದೆ.

"ಇಲ್ಲಿ ಹತ್ತಿ ಇಳಿಯೂ ಮಂದಿ ಓದತಾರಲ್ರಿ ಮೌಶಿ. ಯಾರೋ ಓದತಾರಂದ್ರ ಸುಳ್ಳ ಬರಿಯಾಕ ಕೈ ಬರೂದಿಲ್ಲ," ಎಂದ.

ಮೊದಲನೆಯದು ನೀರಿನದು. ನಮ್ಮ ಓಣಿಗೆ ನಳದ ನೀರು ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ತಿಳಿಯದು. ಕೊಡ ಸಾಲಾಗಿಟ್ಟು ಕಾಯುವುದೇ ಹೆಂಗಸರ ಕೆಲಸ. ಮುನೀರ ನಮ್ಮ ನಳದ ಬಾಯಿಗೆ ಏನೋ ಒಂದು ತಂತಿ ಜೋಡಿಸಿದ. ನೀರು ಬಂದ ಕೂಡಲೇ ಓಣಿಯವರ ಫೋನೆಲ್ಲ ಕೂಗಬೇಕು. ಎರಡನೆಯ ದಿನವೇ ಕೂಗಿದವು. ಹೆಂಗಸರೆಲ್ಲ ಕೊಡ ಹಿಡಿದು ಓಡಿ ಬಂದರು. ನಳದಿಂದ ಬಂದದ್ದು ಬರೀ ಸುಯ್ಯೆನ್ನುವ ಗಾಳಿ. ನೀರಿಗಿಂತ ಮೊದಲು ಪೈಪಿನೊಳಗಿನ ಗಾಳಿ ಬರುತ್ತದಲ್ಲ, ತಂತಿ ಅದಕ್ಕೇ ನಡುಗಿತ್ತು. ಎದುರುಮನೆಯ ಸುರೇಖಾ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು, "ನಿನ್ನ ಮೊಬೈಲ್‌ದಾಗ ನೀರು ಬಂತು ಖರೇ. ನನ್ನ ಕೊಡಾನೂ ಅದರಾಗ ತುರಕಲೇನೋ ಮುನೀರ?" ಎಂದಳು. ಓಣಿಯೆಲ್ಲ ನಕ್ಕಿತು. ಅವನೂ ನಕ್ಕ. ಸಂಜೆ ಗೋಡೆಯ ಮೇಲೆ ಮೊದಲ ಸಾಲು ಬಂತು: "ಗಾಳಿ ಬಂದ್ರ ನೀರು ಬಂದಂಗ ಅಲ್ಲ."

ಎಂಟು ದಿನ ಬಿಟ್ಟು ಅದನ್ನು ಸರಿಮಾಡಿದ. ಆಮೇಲೆ ಎರಡು ವರ್ಷ ನಮ್ಮ ಓಣಿಯ ಹೆಂಗಸರು ನೀರಿಗಾಗಿ ಕಾದು ಕೂಡಲಿಲ್ಲ.

ಇನ್ನೊಂದು, ತಂದೆಯ ಮಗ್ಗದ ಸಪ್ಪಳ ಕೇಳಿ ಎಳೆ ಹರಿದದ್ದನ್ನು ಹೇಳುವ ಪ್ರೋಗ್ರಾಮ್. ಮೂರು ತಿಂಗಳು ಅದರ ಮೇಲೆ ಕುಳಿತ. ತಂದೆ ಒಂದು ದಿನ ನೋಡಿದರು. ನನ್ನ ಕಿವಿ ಇರುವತನಕ ನಿನ್ನ ಡಬ್ಬಿ ಯಾಕೆ ಎಂದು ಬಾಜೂಕ ಸರಿಸಿ ಎದ್ದು ಹೋದರಂತೆ. ಗೋಡೆಯ ಮೇಲೆ: "ಬೇಕೇನು ಅಂತ ಮೊದಲ ಕೇಳಬೇಕು. ಮಾಡಿ ಆದ ಮ್ಯಾಲ ಅಲ್ಲ."

ಹೀಗೆ ಏಳೆಂಟು ಸಾಲು. ನಾನು ಮೆಟ್ಟಿಲು ಕಸಗುಡಿಸುವಾಗ ಅವನ್ನು ಓದುತ್ತಿದ್ದೆ. ಅವನು ಪದೇ ಪದೇ ಆಡುತ್ತಿದ್ದ ಮಾತೊಂದಿತ್ತು, ಅದನ್ನು ಮಾತ್ರ ಗೋಡೆಯ ಮೇಲೆ ಬರೆದಿರಲಿಲ್ಲ. "ಮಿಶಿನ್ ಸುಳ್ಳ ಹೇಳೂದಿಲ್ರಿ ಮೌಶಿ. ನಾವು ಏನ ಕೇಳತೇವಿ ಅಷ್ಟಕ್ಕ ಉತ್ತರಾ ಕೊಡತೈತಿ. ನಾವ ಬ್ಯಾರೆ ಏನೋ ಕೇಳೇವಿ ಅಂತ ತಿಳಕೊಂಡಿರತೇವಿ." ಆಗ ನನಗೆ ಅದು ಅರ್ಥವಾಗಿರಲಿಲ್ಲ.

ಅದೇ ಹೊತ್ತಿಗೆ ನಿಮ್ಮ ಅಜ್ಜನ ಮರೆವು ಹೆಚ್ಚಾಗತೊಡಗಿತು. ಸಮೃದ್ಧಿ, ನಿನಗೆ ಅಜ್ಜನ ನೆನಪು ಸ್ವಲ್ಪ ಇರಬಹುದು, ಓಂಕಾರನಿಗೆ ಇರಲಿಕ್ಕಿಲ್ಲ. ಮೊದಲು ಕನ್ನಡಕ ಮರೆತರು, ಆಮೇಲೆ ಓಣಿ ಮರೆತರು, ಆಮೇಲೆ ಡಿಪೋದಲ್ಲಿ ದುಡಿದ ಮೂವತ್ತು ವರ್ಷವನ್ನೇ ಮರೆತರು. ಉಳಿದದ್ದು ಹುಡುಗರಾಗಿದ್ದಾಗ ಖಾನಾಪುರದ ಕಾಡಿನ ಅಂಚಿನಲ್ಲಿ ಎಮ್ಮೆ ಕಾಯ್ದದ್ದು ಮಾತ್ರ. ಹೊತ್ತಿಲ್ಲದ ಹೊತ್ತಿನಲ್ಲಿ ಎದ್ದು, "ಎಮ್ಮಿ ಹೊಡಕೊಂಡ ಬರತೇನಿ," ಎಂದು ಹೊರಡುತ್ತಿದ್ದರು. ಒಮ್ಮೆ ಮೂರನೆಯ ರೈಲ್ವೆ ಗೇಟಿನ ಹತ್ತಿರ ಸಿಕ್ಕರು, ಒಮ್ಮೆ ಪೀರನವಾಡಿಯಲ್ಲಿ. ಬಾಗಿಲಿಗೆ ಕೀಲಿ ಹಾಕಿದರೆ ಕದಕ್ಕೆ ಹಣೆ ಬಡಿದುಕೊಳ್ಳುತ್ತಿದ್ದರು. ನಾನು ಬಚ್ಚಲಿಗೆ ಹೋಗಲೂ ಹೆದರುತ್ತಿದ್ದೆ. ನಿಮ್ಮವ್ವ ಶಹಾಪುರದಿಂದ ದಿನಾ ಒಮ್ಮೆ ಬಂದು ಹೋಗುತ್ತಿದ್ದಳು. ಆದರೆ ಅವಳಿಗೆ ನೀವಿಬ್ಬರೂ ಸಣ್ಣವರಿದ್ದಿರಿ.

ಮುನೀರ ಈ ಸಲ ಮೊದಲೇ ಕೇಳಿದ. ಗೋಡೆಯ ಸಾಲನ್ನು ಅವನು ಮರೆತಿರಲಿಲ್ಲ. ಬೇಕೇನ್ರಿ ಮೌಶಿ ಎಂದ. ಬೇಕಪ್ಪ ಎಂದೆ. ಒಮ್ಮೆ ಚಾರ್ಜ್ ಮಾಡಿದರೆ ತಿಂಗಳುಗಟ್ಟಲೆ ನಡೆಯುವ, ಕಡ್ಡಿಪೆಟ್ಟಿಗೆಯಷ್ಟು ಒಂದು ಕರಿ ಡಬ್ಬಿ ತಂದ. ಅದು ಎಲ್ಲಿದೆಯೋ ಅಲ್ಲಿ ಫೋನಿನ ನಕಾಶೆಯಲ್ಲಿ ಒಂದು ಹಸಿರು ಚುಕ್ಕೆ ಕಾಣುವಂತೆ ಪ್ರೋಗ್ರಾಮ್ ಬರೆದ. ನೀರು ಹೋಗದಂತೆ ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ ಮೇಣ ಹಚ್ಚಿದ. ತಾನೇ ಕಿಸೆಯಲ್ಲಿಟ್ಟುಕೊಂಡು ಊರೆಲ್ಲ ಅಡ್ಡಾಡಿ ಬಂದ. ನಾನು ಮನೆಯಲ್ಲಿ ಕುಳಿತು ಚುಕ್ಕೆ ನೋಡಿದೆ. ಹೋದಲ್ಲೆಲ್ಲ ಸರಿಯಾಗಿ ತೋರಿಸಿತು.

ಆದರೆ ನಿಮ್ಮ ಅಜ್ಜ ಅದನ್ನು ಮೈಮೇಲೆ ಇಟ್ಟುಕೊಳ್ಳಲಿಲ್ಲ. ಅಂಗಿಯ ಕಿಸೆಯಲ್ಲಿಟ್ಟರೆ ತೆಗೆದು ಒಗೆದರು. ರಟ್ಟೆಗೆ ಕಟ್ಟಿದರೆ ಹಲ್ಲಿನಿಂದ ಬಿಚ್ಚಿದರು. ಚಪ್ಪಲಿಯೊಳಗೆ ಹೊಲಿದರೆ ಬರಿಗಾಲಲ್ಲಿ ಹೊರಟರು. ಹದಿನೈದು ದಿನ ಅವನು ಹತ್ತಾರು ತರಹ ಮಾಡಿ ನೋಡಿದ. ಕೊನೆಗೆ ಒಂದು ಸಂಜೆ ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ಸುಮ್ಮನೆ ಕುಳಿತಿದ್ದ. ಅದನ್ನು ನೋಡಿ ನಾನು, ಕೊಡಪ್ಪ, ನಾಳೆ ನಾನೊಂದು ಮಾಡಿ ನೋಡುತ್ತೇನೆ ಎಂದೆ.

ಈಗ ಹೇಳಲೇಬೇಕಾದ ಮಾತಿಗೆ ಬಂದೆ. ನಿಮ್ಮ ಅಜ್ಜನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹಿಂಡಿನ ಮುಂದೆ ನಡೆಯುವ ಎಮ್ಮೆಯ ಕೊರಳಿಗೆ ಕರಿ ಉಣ್ಣೆಯಿಂದ ಹೆಣೆದ ದಾರ, ಅದಕ್ಕೆ ಎರಡು ಕವಡೆ. ಸಂಜೆ ಅದನ್ನು ಬಿಚ್ಚಿ ಮನೆಯೊಳಗೆ ತಂದು ಗೂಟಕ್ಕೆ ಹಾಕುತ್ತಿದ್ದರು. ಬೆಳಿಗ್ಗೆ ಎಮ್ಮೆ ಬಿಡುವವನು ಅದನ್ನು ತನ್ನ ಕೊರಳಿಗೆ ಹಾಕಿಕೊಂಡು ಕೊಟ್ಟಿಗೆಗೆ ಹೋಗಿ, ಮುಂದಿನ ಎಮ್ಮೆಗೆ ಕಟ್ಟಿ ಹಿಂಡು ಬಿಡುತ್ತಿದ್ದ. ಕಟ್ಟುವತನಕ ದಾರ ನೆಲಕ್ಕೆ ತಾಗಬಾರದು. ನಾನು ಮದುವೆಯಾಗಿ ಹೋದ ಹೊಸದರಲ್ಲಿ ನಿಮ್ಮ ಅಜ್ಜನ ಕೊರಳಲ್ಲಿ ಅದನ್ನು ದಿನಾ ನೋಡಿದ್ದೆ.

ಅಂಥದೊಂದು ದಾರ ಹೆಣೆದೆ. ಡಬ್ಬಿಯನ್ನು ನಡುವೆ ಸೇರಿಸಿ ಎರಡು ಕವಡೆ ಕಟ್ಟಿ ಅವರ ಮುಂದೆ ಹಿಡಿದೆ. ಅವರು ನೋಡಿದರು. ಕಣ್ಣಲ್ಲಿ ಗುರುತು ಬಂತು. ಎರಡೂ ಕೈಯಿಂದ ತೆಗೆದುಕೊಂಡು ತಾವೇ ಕೊರಳಿಗೆ ಹಾಕಿಕೊಂಡರು. ಆಮೇಲೆ ಮಲಗುವಾಗಲೂ ತೆಗೆಯಲಿಲ್ಲ.

ಮುನೀರ ಹಿಗ್ಗಿದ. "ಇದೇನ ಮಾಡಿದ್ರಿ ಮೌಶಿ? ಈಗ ಹ್ಯಾಂಗ ತಗೀವಲ್ರು ಕಾಕಾ?" ಎಂದ.

ಗಂಡನ ಕೊರಳಿಗೆ ಎಮ್ಮೆಯ ದಾರ ಹಾಕಿದೆ ಎಂದು ಹೇಳಲು ನಾಚಿಕೆಯಾಯಿತು. ನಿಮ್ಮಜ್ಜ ನೆಟ್ಟಗಿದ್ದಾಗ ಎಷ್ಟು ಅಚ್ಚುಕಟ್ಟಿನ ಮನುಷ್ಯರೆಂದು ನಿಮಗೆ ಗೊತ್ತಿಲ್ಲ. "ದೃಷ್ಟಿ ದಾರಪಾ. ಹಿರೇರು ಅದನ್ನ ಬಿಚ್ಚೂದಿಲ್ಲ," ಎಂದೆ.

ಅವನು ನಂಬಿದ. ಯಾಕೆ ನಂಬಬಾರದು?

ಮೂರು ತಿಂಗಳು ಆ ಚುಕ್ಕೆ ನಮ್ಮ ಮನೆಯನ್ನು ಕಾಯಿತು. ನಾಲ್ಕು ಸಲ ಅವರು ತಪ್ಪಿಸಿಕೊಂಡರು. ನಾಲ್ಕೂ ಸಲ ಮುನೀರ ಫೋನ್ ನೋಡಿ, ಮೋಟರ್‌ಸೈಕಲ್ ಹತ್ತಿ ಹೋಗಿ ಕರೆತಂದ. ಅಜ್ಜ ಹಿಂದೆ ಕುಳಿತು ಅವನ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ನನಗೆ ಧೈರ್ಯ ಬಂತು. ಬಟ್ಟೆ ಒಗೆಯುವಾಗ ಬಾಗಿಲ ಚಿಲಕ ಹಾಕುವುದನ್ನು ಬಿಟ್ಟೆ.

ದೀಪಾವಳಿ ಮುಗಿದು ಹದಿನೈದು ದಿನವಾಗಿತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಟ್ಟೆ ಹಿಂಡಿ ಬರುವಷ್ಟರಲ್ಲಿ ಅವರಿಲ್ಲ. ಮೇಲೆ ಹೋಗಿ ಹೇಳಿದೆ. ಮುನೀರ ಗಾಬರಿಯಾಗಲಿಲ್ಲ. ಚುಕ್ಕೆ ಖಾನಾಪುರದ ರಸ್ತೆಯಲ್ಲಿ ಓಡುತ್ತಿತ್ತು. ಯಾವುದೋ ಟೆಂಪೋ ಹತ್ತಿರಬೇಕು ಎಂದ. ದೇಸೂರಿನಲ್ಲಿ ಅದು ನಿಂತಿತು. ಆಮೇಲೆ ಊರ ಹೊರಗಿನ ಕೆರೆಯ ದಂಡೆಗೆ ಬಂತು.

"ನೋಡ್ರಿ, ಕೆರಿ ಬಾಜೂಕ ಸಾವಕಾಶ ಅಡ್ಡಾಡಾಕತ್ತಾರ. ನಂದೊಂದು ಮೀಟಿಂಗ್ ಐತ್ರಿ, ದೊಡ್ಡ ಮಂದಿ ಇರತಾರ. ಅರ್ಧಾ ತಾಸಿನ್ಯಾಗ ಮುಗಿಸಿ ಕರಕೊಂಡ ಬರತೇನಿ. ನೀವು ಈ ಫೋನ್ ಹಿಡಕೊಂಡ ಕುಂದರ್ರಿ," ಎಂದು ತನ್ನ ಇನ್ನೊಂದು ಫೋನ್ ನನ್ನ ಕೈಗೆ ಕೊಟ್ಟ.

ಮೆಟ್ಟಿಲ ಮೇಲೆ ಕುಳಿತೆ. ಅರ್ಧ ತಾಸು ಒಂದಾಯಿತು, ಒಂದು ಎರಡಾಯಿತು. ಮೇಲಿಂದ ಅವನ ಇಂಗ್ಲಿಷ್ ಮಾತು ಕೇಳುತ್ತಿತ್ತು. ಚುಕ್ಕೆ ನಾಲ್ಕು ಹೆಜ್ಜೆ ಸರಿಯುವುದು, ನಿಲ್ಲುವುದು. ತುಸು ಬಲಕ್ಕೆ ಹೋಗುವುದು, ಮತ್ತೆ ನಿಲ್ಲುವುದು. ಮನುಷ್ಯ ಹೀಗೆ ನಡೆಯುವುದಿಲ್ಲ ಎಂದು ನನಗೆ ಅನ್ನಿಸಿತು. ಹೀಗೆ ನಡೆಯುವುದು ಯಾವುದೆಂದು ಸಣ್ಣಂದಿನಿಂದ ನೋಡಿದವಳು ನಾನು. ಎದ್ದು ಹೋಗಿ ಕದ ಬಡಿಯಬೇಕಿತ್ತು. ದೊಡ್ಡ ಮಂದಿಯ ಮೀಟಿಂಗ್ ಎಂದಿದ್ದನಲ್ಲ. ನಾಲ್ಕು ಮೆಟ್ಟಿಲು ಹತ್ತಿದೆ. ಮತ್ತೆ ಇಳಿದು ಬಂದು ಕುಳಿತೆ.

ಹೊತ್ತು ನೆತ್ತಿಗೆ ಬಂದಾಗ ಚುಕ್ಕೆ ದಂಡೆ ಬಿಟ್ಟಿತು. ನಕಾಶೆಯ ನೀಲಿ ಬಣ್ಣದೊಳಗೆ ಇಳಿಯಿತು. ನಡುನೀರಿಗೆ ಹೋಗಿ ಅಲ್ಲಿ ನಿಂತುಬಿಟ್ಟಿತು. ಸರಿಯಲಿಲ್ಲ.

ಮೇಲೆ ಹೇಗೆ ಹೋದೆನೋ ಗೊತ್ತಿಲ್ಲ. ಕದ ತೆರೆದೆ, ಫೋನ್ ಮುಂದೆ ಹಿಡಿದೆ. ಅವನು ನೋಡಿದ. ಕುರ್ಚಿ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಕಂಪ್ಯೂಟರಿನೊಳಗೆ ಮಂದಿ ಇನ್ನೂ ಮಾತಾಡುತ್ತಲೇ ಇದ್ದರು. ನಾನು ಜೀವನದಲ್ಲಿ ಮೊದಲ ಸಲ ಮೋಟರ್‌ಸೈಕಲ್ ಮೇಲೆ ಕುಳಿತದ್ದು ಅಂದು. ದಾರಿಯುದ್ದಕ್ಕೂ ಅವನು, ಅರ್ಧಾ ತಾಸು ಅಂದಿದ್ದೆ, ಅರ್ಧಾ ತಾಸು ಅಂದಿದ್ದೆ ಎಂದು ಅದೊಂದೇ ಮಾತು ಆಡುತ್ತಿದ್ದ.

ದೇಸೂರಿನ ಕೆರೆ ದೊಡ್ಡದೇನಲ್ಲ. ದಂಡೆಯಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ನೀರಿನಲ್ಲಿ ಆರೇಳು ಎಮ್ಮೆ ಮುಳುಗಿ ಬರೀ ಕೋಡು, ಮೋರೆ ಕಾಣುತ್ತಿದ್ದವು. ನೀರಲ್ಲಿ ಮನುಷ್ಯರು ಯಾರೂ ಇರಲಿಲ್ಲ. ಮುನೀರನಿಗೆ ಈಜು ಬರುತ್ತಿರಲಿಲ್ಲ. ಬೂಟು ಸಹಿತ ನೀರಿಗಿಳಿದ. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಾಕಾ ಕಾಕಾ ಎಂದು ಕರೆಯುತ್ತ ಎದೆಮಟ್ಟದ ನೀರಿಗೆ ಹೋದ. ನಾನು ದಂಡೆಯಲ್ಲಿ ನಿಂತಿದ್ದೆ. ಕಾಲಡಿಯ ಕೆಸರು ನನ್ನನ್ನು ಹಿಡಿದುಕೊಂಡ ಹಾಗಿತ್ತು. ಅವನ ಮುಂದೆ ಒಂದು ಎಮ್ಮೆ ತಲೆ ಎತ್ತಿತು. ಕೊರಳಲ್ಲಿ ಕರಿ ದಾರ. ಎರಡು ಕವಡೆ. ನಡುವೆ ಡಬ್ಬಿ.

ಅವನು ನನ್ನ ಕಡೆ ತಿರುಗಿ ನಕ್ಕ. "ಎಮ್ಮಿ ಐತ್ರಿ ಮೌಶಿ, ಎಮ್ಮಿ," ಎಂದು ಅಳುವವನ ಹಾಗೆ ನಕ್ಕ. ಆಮೇಲೆ ಆ ನಗು ಅರ್ಧಕ್ಕೇ ನಿಂತಿತು. ನೀರಿನಲ್ಲಿ ಇಲ್ಲವೆಂದ ಮೇಲೆ ಅವರು ಎಲ್ಲಿ? ನಮ್ಮ ಹತ್ತಿರ ಇನ್ನು ಯಾವ ಚುಕ್ಕೆಯೂ ಇರಲಿಲ್ಲ.

ಆ ಮುದುಕಿಯೇ ಎಮ್ಮೆಯ ಒಡತಿ. ಕೇಳಿದ್ದಕ್ಕೆ ಸಮಾಧಾನವಾಗಿ ಹೇಳಿದಳು. "ಮುಂಜಾನಿ ಬಂದಿದ್ರು. ಬಾಳ ಮಾಯಾದಿಂದ ಇದರ ಮೈ ತಿಕ್ಕಿದ್ರು. ತಮ್ಮ ಕೊಳ್ಳಾಗಿಂದು ತಗದು ಇದಕ್ಕ ಕಟ್ಟಿದ್ರು. ಗಂಟ ಹಾಕೂದು ನೋಡಿದ ಮ್ಯಾಲ ನಮ್ಮ ಪೈಕಿ ಮಂದೀನ ಅದಾರಂತ ಸುಮ್ಮಾದೆ. 'ನೀ ಮೇಕೋತ ಬಾ, ನಾ ಮುಂದ ನಡದಿರತೇನಿ' ಅಂತ ಎಮ್ಮಿಗೆ ಹೇಳಿ ರೇಲ್ವೆ ಹಳಿ ಗುಂಟ ಹೋದ್ರು."

ಮೂರು ತಾಸಿನ ಹಿಂದೆ. ಖಾನಾಪುರದ ಕಡೆಗೆ.

ಆ ದಿನ, ಮರುದಿನ, ಮುನೀರ ನನ್ನನ್ನು ಹಿಂದೆ ಕೂರಿಸಿಕೊಂಡು ಹಳಿಯ ಗುಂಟ ಸಿಕ್ಕ ಊರಿಗೆಲ್ಲ ಹೋದ. ನಿಮ್ಮವ್ವ, ನಿಮ್ಮಪ್ಪ ಬೆಳಗಾವಿಯ ದವಾಖಾನೆಗಳನ್ನು, ಬಸ್ ನಿಲ್ದಾಣವನ್ನು ಹುಡುಕಿದರು. ಖಾನಾಪುರದಲ್ಲಿ ಸ್ಟೇಶನ್ನು, ಪೊಲೀಸ್ ಠಾಣೆ, ಮಲಪ್ರಭಾ ನದಿಯ ಘಾಟು, ಸಂತೆಯ ಜಾಗ, ಯಾವುದನ್ನೂ ಬಿಡಲಿಲ್ಲ. ಅಲ್ಲಿ ಮರಾಠಿ ಮಂದಿ ಹೆಚ್ಚು. ಅವನು ಫೋನಿನಲ್ಲಿ ಅಜ್ಜನ ಫೋಟೋ ತೋರಿಸಿ ಒಬ್ಬರನ್ನು ಮರಾಠಿಯಲ್ಲಿ, ಒಬ್ಬರನ್ನು ಕನ್ನಡದಲ್ಲಿ, ಮಸೀದಿಯ ಮುಂದೆ ಉರ್ದುವಿನಲ್ಲಿ ಕೇಳುತ್ತಿದ್ದ. ಮೂರೂ ಭಾಷೆಯಲ್ಲಿ ಒಂದೇ ಉತ್ತರ ಬರುತ್ತಿತ್ತು. ಒಂದು ಚಹದ ಅಂಗಡಿಯವ ಇವರು ನಿನಗೇನಾಗಬೇಕು ಎಂದು ಕೇಳಿದ. ಮುನೀರ, "ಕಾಕಾ," ಎಂದ. ಎರಡು ದಿನ ಅವನು ಚಹ ಬಿಟ್ಟು ಏನೂ ಮುಟ್ಟಲಿಲ್ಲ. ಕಾಡಿನ ದಾರಿಯಲ್ಲಿ ಫೋನಿಗೆ ಸಿಗ್ನಲ್ ಸಿಗದಿದ್ದಾಗ ಅದನ್ನು ಕಿಸೆಗೆ ಹಾಕಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದ. ಎಮ್ಮೆ ಕಾಯುವವರು ಕೂಗುವ ಹಾಗೆ ನಾನು ಅವನಿಗೆ ಕಲಿಸಿದೆ. ಅದಕ್ಕಾದರೂ ಓಗೊಡಬಹುದು ಎಂದು.

ಮೂರನೆಯ ದಿನ ಬೆಳಿಗ್ಗೆ ಕಟ್ಟಿಗೆ ಆರಿಸಲು ಹೋದ ಇಬ್ಬರು ಹೆಂಗಸರಿಗೆ ಅವರು ಸಿಕ್ಕರು. ನಿಮ್ಮ ಅಜ್ಜನ ಹಳ್ಳಿಗೆ ಹೋಗುವ ಹಳೆಯ ದಾರಿಯ ಹಳ್ಳದ ಹತ್ತಿರ, ಮತ್ತಿ ಮರದ ಬೊಡ್ಡೆಗೆ ಒರಗಿ ಕುಳಿತಿದ್ದರು. ಇಬ್ಬನಿಗೆ ಅಂಗಿ ತೊಯ್ದು ಮೈಗೆ ಅಂಟಿತ್ತು. ಜೀವವಿತ್ತು.

ಬೆಳಗಾವಿಯ ದವಾಖಾನೆಯಲ್ಲಿ ಆರು ದಿನ ಇದ್ದರು. ಥಂಡಿ ಪುಪ್ಪುಸಕ್ಕೆ ಇಳಿದಿತ್ತು. ನನ್ನ ಗುರುತು ಹಿಡಿಯಲಿಲ್ಲ, ನಿಮ್ಮವ್ವನ ಗುರುತು ಹಿಡಿಯಲಿಲ್ಲ. ಐದನೆಯ ದಿನ ಮುನೀರ ಹೋದಾಗ ಕಣ್ಣು ತೆರೆದರು.

"ಮುನ್ನಾ, ಎಮ್ಮಿ ಬಂದ್ವೇನೋ?"

"ಬಂದ್ವು ಕಾಕಾ. ಎಲ್ಲಾ ಬಂದ್ವು. ಎಣಿಸೇನಿ," ಎಂದ ಅವನು.

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ಮರುದಿನ ಹೋದರು.

ದಿನಕರ್ಮ ಮುಗಿಯುವತನಕ ಮುನೀರ ಮನೆಯ ಮಗನ ಹಾಗೆ ಓಡಾಡಿದ. ಆಮೇಲೆ ಖೋಲಿ ಹಿಡಿದು ಕುಳಿತ. ಮೇಲಿನಿಂದ ದನಿಯೇ ಇಲ್ಲ. ಚಹ ಕೊಡಲು ಹೋದರೆ ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಮ್ ತೆರೆದಿರುತ್ತಿತ್ತು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದುತ್ತಿದ್ದ. ಬಸಿಯಲ್ಲಿ ಸುರಿದ ಚಹ ಸಂಜೆಯವರೆಗೂ ಹಾಗೇ ಕೆನೆಗಟ್ಟಿ ಕೂತಿರುತ್ತಿತ್ತು. ಕ್ಯಾ ಹುವಾ ರೇ ಎಂದು ಅವನು ಅದನ್ನು ಕೇಳಲಿಲ್ಲ. ಒಂದು ದಿನ ಕೆಳಗಿಳಿದು ಬಂದು ನನ್ನ ಎದುರು ನೆಲದ ಮೇಲೆ ಕುಳಿತ. ಗಡ್ಡ ಬೆಳೆದಿತ್ತು.

"ಮೌಶಿ, ಒಂದ ಮಾತು. ಮೂರು ತಿಂಗಳ ಕಾಕಾ ಅದನ್ನ ಬಿಚ್ಚಿರಲಿಲ್ಲ. ಅವತ್ತ ಹ್ಯಾಂಗ ಬಿಚ್ಚಿದ್ರು? ಎಮ್ಮಿಗೆ ಯಾಕ ಕಟ್ಟಿದ್ರು? ಅದೊಂದು ತಿಳೀವಲ್ದು ನನಗ. ಅಲ್ಲೆ ನಾ ಏನೋ ತಪ್ಪೇನಿ. ಡಬ್ಬಿ ಮೈ ಬಿಟ್ಟ ಕೂಡ್ಲೇ ಫೋನ್ ಒದರಬೇಕಿತ್ತು. ಆ ಪ್ರಶ್ನೀನ ನಾ ಅದಕ್ಕ ಕೇಳಿರಲಿಲ್ಲ. ದೃಷ್ಟಿ ದಾರ ಬಿಚ್ಚೂದಿಲ್ಲ ಅಂದಿದ್ರಿ, ನಾ ಅಷ್ಟಕ್ಕ ಸುಮ್ಮ ಕುಂತೆ."

ಉತ್ತರ ನನ್ನ ನಾಲಿಗೆಯ ಮೇಲಿತ್ತು. ಅದು ದೃಷ್ಟಿ ದಾರವಲ್ಲ, ಎಮ್ಮೆಯ ದಾರ. ಅವರು ಅದನ್ನು ತೊಟ್ಟದ್ದೇ ಎಮ್ಮೆಗೆ ಕಟ್ಟಲಿಕ್ಕೆ. ಮೂರು ತಿಂಗಳು ಊರೊಳಗೆ ಎಮ್ಮೆ ಸಿಗದೆ ಅದನ್ನು ಹೊತ್ತು ತಿರುಗಿದರು, ಸಿಕ್ಕ ದಿನ ಕಟ್ಟಿ ಕೆಲಸ ಮುಗಿಸಿದರು. ನಾನು ಖರೇ ಹೇಳಿದ್ದರೆ ನೀನು ಬೇರೆ ಏನಾದರೂ ಮಾಡುತ್ತಿದ್ದೆ. ಚುಕ್ಕೆಯ ನಡಿಗೆ ನೋಡಿದಾಗ ಕದ ಬಡಿದಿದ್ದರೆ ಅವರು ಇನ್ನೂ ಹಳಿಯ ಮೇಲೆ ಸಿಗುತ್ತಿದ್ದರು. ಇಷ್ಟು ಮಾತು. ಸಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದಾಗ ಆಗುತ್ತಿದ್ದ ಹಾಗೆಯೇ ಆಯಿತು. ತಲೆ ತಗ್ಗಿಸಿದೆ. ಗಂಡನನ್ನು ಕಳೆದದ್ದು ನಾನೇ ಎಂದು ಮಗಳ ಕಿವಿಗೆ ಬಿದ್ದೀತೆಂಬ ಭಯವೂ ಇತ್ತು. ಅದನ್ನೂ ಮುಚ್ಚಿಡುವುದಿಲ್ಲ.

"ದೇವರ ಇಚ್ಛಾ ಮುನೀರ," ಎಂದೆ.

 ಅವನು ಎದ್ದು ಹೋದ. ನನ್ನನ್ನು ಅನುಮಾನಿಸಲಿಲ್ಲ ಅವನು, ಅದೇ ನನ್ನನ್ನು ಇವತ್ತಿಗೂ ಸುಡುತ್ತದೆ. ತಪ್ಪನ್ನು ಇನ್ನೊಬ್ಬರಲ್ಲಿ ಹುಡುಕುವ ರೂಢಿಯೇ ಅವನಿಗಿರಲಿಲ್ಲ.

ಸಂಕ್ರಾಂತಿಯ ಮುಂದೆ ಒಂದು ಮಧ್ಯಾಹ್ನ ಬಕೀಟಿನಲ್ಲಿ ನೀರು, ಒಂದು ಬಟ್ಟೆ ಕೇಳಿ ತೆಗೆದುಕೊಂಡು ಹೋದ. ಖೋಲಿ ಒರೆಸಲಿಕ್ಕೆ ಎಂದುಕೊಂಡೆ. ಬಟ್ಟೆ ಗೋಡೆಗೆ ತಿಕ್ಕುವ ಸಪ್ಪಳ ಕೇಳಿ ಹೊರಬಂದೆ. ಮೆಟ್ಟಿಲ ಗೋಡೆಯ ಸಾಲುಗಳನ್ನೆಲ್ಲ ಒರೆಸುತ್ತಿದ್ದ. ಗಾಳಿ, ನೀರು, ತಂದೆಯ ಮಗ್ಗ, ಎಲ್ಲವೂ ಬಿಳಿ ನೀರಾಗಿ ಇಳಿದು ಹೋಯಿತು. ಕೊನೆಯದೊಂದನ್ನು ಬಿಟ್ಟ. ಅದು ಯಾವಾಗ ಬರೆದದ್ದೋ ನಾನು ಕಂಡಿರಲಿಲ್ಲ. "ಚುಕ್ಕಿ ಡಬ್ಬಿ ಇದ್ದಲ್ಲಿ ತೋರಿಸ್ತು. ಮನಷ್ಯಾ ಇದ್ದಲ್ಲಿ ತೋರಿಸ್ತದ ಅಂತ ನಾ ನಂಬಿದೆ. ತಪ್ಪು ನಂದು."

ಮೆಟ್ಟಿಲ ಕೆಳಗೆ ಅವನ ಚೀಲ ಇತ್ತು. ಕಂಪನಿಯ ಕೆಲಸ ಬಿಟ್ಟೆನೆಂದ. ಇನ್ನು ಪ್ರೋಗ್ರಾಮ್ ಬರೆಯುವುದಿಲ್ಲ ಎಂದ. ನಾನು ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ನನ್ನ ಕಾಲು ಮುಟ್ಟಿದ. ಆಗಲಾದರೂ ಹೇಳಬಹುದಿತ್ತು. "ಬರ್ತೇನ್ರಿ ಮೌಶಿ, ನಳದ ಡಬ್ಬಿ ಅಲ್ಲೇ ಐತಿ, ಇನ್ನೊಂದಿಷ್ಟ ದಿನ ನಡದೀತು," ಎಂದು ಹೋದ. ಮುಂದಿನ ಮಳೆಗಾಲಕ್ಕೆ ಅದೂ ನಿಂತಿತು. ಓಣಿಯ ಹೆಂಗಸರು ಮತ್ತೆ ಕೊಡ ಸಾಲಾಗಿಟ್ಟು ಕೂಡುತ್ತಾರೆ. ಸುರೇಖಾ ಇವತ್ತಿಗೂ ಅವನ ಹೆಸರು ತೆಗೆಯುತ್ತಾಳೆ.

ಒಂದು ವರ್ಷದ ಮೇಲೆ ನನಗೆ ಧೈರ್ಯ ಬಂತು. ಅವನ ನಂಬರಿಗೆ ಫೋನ್ ಹಚ್ಚಿದೆ, ಹೋಗಲಿಲ್ಲ. ಶಹಾಪುರದಲ್ಲಿ ಅವರ ಓಣಿಗೆ ಮೂರು ಸಲ ಹೋದೆ. ಅವರ ಮನೆಯಲ್ಲಿ ಬೇರೆಯವರಿದ್ದರು. ಮಗ್ಗ ಮಾರಿ ಮಿರಜ ಕಡೆ ಹೋದರೆಂದು ಒಬ್ಬರು, ಅಲ್ಲ, ಹುಬ್ಬಳ್ಳಿಗೆ ಎಂದು ಇನ್ನೊಬ್ಬರು. ಡಿಪೋದ ಸೋದರಮಾವ ತೀರಿಕೊಂಡಿದ್ದಾರೆ. ಮುನೀರ ಎಲ್ಲೋ ಫೋನ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಯಾರ ಜೊತೆಗೂ ಮಾತಿಲ್ಲ, ಗಡ್ಡದೊಳಗೆ ಮೋರೆ ಕಾಣುವುದಿಲ್ಲ ಎಂದು ಒಬ್ಬ ಹೆಂಗಸು ಹೇಳಿದಳು. ಯಾವ ಊರು ಎಂದರೆ ಅವಳಿಗೆ ಗೊತ್ತಿಲ್ಲ. ಅವನ ಕೊರಳಿಗೆ ನಾನೊಂದು ದಾರ ಕಟ್ಟಿ ಕಳಿಸಿದ್ದೇನೆ, ಅದನ್ನು ಬಿಚ್ಚುವವಳು ನಾನೊಬ್ಬಳೇ, ನನಗೆ ಅವನು ಎಲ್ಲಿದ್ದಾನೆಂದು ತಿಳಿಯದು. ರೊಟ್ಟಿ ತಟ್ಟುವಾಗ, ದೇವರಿಗೆ ದೀಪ ಹಚ್ಚುವಾಗ, ಇದೊಂದೇ ಮಾತು.

ಹೋದ ವಾರ ಗೋಡೆಯ ಮೇಲೆ ಅವನ ಸಾಲಿನ ಕೆಳಗೆ ನಾನೂ ಒಂದು ಸಾಲು ಬರೆದೆ. ಸಮೃದ್ಧಿ, ಓದಿ ನೋಡು, ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ. "ದಾರ ನಂದು. ಅದು ಎಮ್ಮಿ ದಾರ. ನನಗ ಗೊತ್ತಿತ್ತು."

ಆದರೆ ಗೋಡೆ ಉಳಿಯುವುದಿಲ್ಲ. ನಿಮ್ಮವ್ವ ಮನೆ ಬಣ್ಣ ಮಾಡಿಸೋಣ ಎನ್ನುತ್ತಿದ್ದಾಳೆ, ನಾನು ಎಷ್ಟು ವರ್ಷ ಬೇಡ ಎನ್ನಲಿ? ನೀವು ದೊಡ್ಡವರಾಗುತ್ತೀರಿ, ನಾಲ್ಕು ಊರು ತಿರುಗುತ್ತೀರಿ. ಎಲ್ಲಾದರೂ ಒಂದು ಅಂಗಡಿಯಲ್ಲಿ, ಆರಿದ ಚಹವನ್ನು ಒಂದೇ ಗುಟುಕಿಗೆ ಕುಡಿಯುವ, ಸ್ವಲ್ಪ ಬಾಗಿದ ಉದ್ದನೆಯ ಮನುಷ್ಯ ಕಂಡರೆ ಹೆಸರು ಕೇಳಿರಿ. ಮುನೀರ್ ಎಂದರೆ ಏನೂ ಮಾತಾಡಬೇಡಿ, ಇದನ್ನು ಅವನ ಕೈಗೆ ಕೊಡಿ. ಅಲ್ಲಿಯತನಕ ಈ ಹಾಳೆಗಳನ್ನು ನೀರು ತಾಗದ ಕಡೆ, ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿರಿ.